ಬರಮಣ್ಣನನ್ನು ಕಂಡವರಿಲ್ಲ

ಹೊನ್ನವ್ವ ಗಾಜು ಒರೆಸುತ್ತಿದ್ದಳು. ಹಳೆಯ ಧೋತರದ ತುಂಡನ್ನು ಬಕೀಟಿನಲ್ಲಿ ಅದ್ದಿ, ಹಿಂಡಿ, ಮೇಲಿನಿಂದ ಕೆಳಕ್ಕೆ ಒಮ್ಮೆ; ಆಮೇಲೆ ಒಣಬಟ್ಟೆಯಿಂದ ಇನ್ನೊಮ್ಮೆ. ತಾಟು ತೊಳೆಯುವ ಯಂತ್ರ ಇನ್ನೂ ಶುರುವಾಗಿರಲಿಲ್ಲ. ಒಲೆಯ ಮೇಲೇನೂ ಕುದಿಯುತ್ತಿರಲಿಲ್ಲ. ಗಾಜಿನ ಗೋಡೆ ಆಳೆತ್ತರಕ್ಕಿಂತ ಮೇಲಿತ್ತು, ಉದ್ದ ಇಪ್ಪತ್ತು ಹೆಜ್ಜೆ. ಅದರಲ್ಲಿ ನೆಲದಿಂದ ಮೂರೂವರೆ ಅಡಿ ಎತ್ತರದ, ಒಂದು ಮೊಳ ಅಗಲದ ಪಟ್ಟಿಯನ್ನು ಮಾತ್ರ ಅವಳು ಮೂರು ಮೂರು ಸಲ ಒರೆಸಿದಳು. ಆಚೆ ಕಡೆ ಕುರ್ಚಿಯಲ್ಲಿ ಕೂತವರ ಬಾಯಿ ಬರುವುದು ಅಲ್ಲಿಗೇ.

ಬೆಣ್ಣಿಹಳ್ಳ ವಿಶ್ವವಿದ್ಯಾಲಯದ ಊಟದ ಮನೆ ಆ ಗಾಜಿನ ಆಚೆಗಿತ್ತು, ತಾಟು ತೊಳೆಯುವ ಕೋಣೆ ಈಚೆಗೆ. ಯಂತ್ರದ ಗದ್ದಲ ಉಣ್ಣುವವರಿಗೆ ಕೇಳಬಾರದೆಂದು ಎರಡು ಪದರದ ದಪ್ಪ ಗಾಜು ಹಾಕಿದ್ದರು. ಹಾಗಾಗಿ ಆಚೆಯ ಒಂದು ಮಾತೂ ಈಚೆ ಬರುತ್ತಿರಲಿಲ್ಲ. ಆದರೆ ಹೊನ್ನವ್ವನಿಗೆ ಮಾತು ಕೇಳಬೇಕೆಂದೇನೂ ಇರಲಿಲ್ಲ, ಕಂಡರೆ ಸಾಕಾಗಿತ್ತು. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು, ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಚಿಕ್ಕಮ್ಮ ಕಲ್ಲವ್ವನ ಜೊತೆ ಐದು ವರ್ಷ ನೂಲಿನ ಕಂಡಿಕೆ ಸುತ್ತಿದವಳು ಅವಳು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕೂಗಿ ಪ್ರಯೋಜನವಿಲ್ಲ. ಅಲ್ಲಿಯ ಹೆಂಗಸರು ಜಗಳ, ನಗೆಚಾಟಿಕೆ, ಊರ ಸುದ್ದಿ ಎಲ್ಲವನ್ನೂ ಬರೀ ತುಟಿಯಲ್ಲೇ ಆಡಿ ಮುಗಿಸುತ್ತಿದ್ದರು. ಮೊದಲೇ ಮಾತು ಕಡಿಮೆಯ ಹುಡುಗಿಗೆ ಆ ವಿದ್ಯೆ ನೀರು ಕುಡಿದಷ್ಟು ಸಲೀಸಾಗಿ ಬಂತು.

ವಿಶ್ವವಿದ್ಯಾಲಯದ ಮೆಸ್ಸಿನಲ್ಲಿ ದಿನಗೂಲಿಯ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಆ ವರ್ಷದಲ್ಲಿ ಗಾಜಿನಾಚೆಯ ಹುಡುಗ ಹುಡುಗಿಯರ ಬಾಯಿಂದ ಅವಳು ಏನೇನು ನೋಡಿಲ್ಲ! ಯಾರಿಗೆ ಯಾರ ಮೇಲೆ ಮನಸ್ಸಿದೆ, ಯಾರಿಗೆ ಮನೆಯ ನೆನಪು ಕಾಡುತ್ತಿದೆ, ಯಾವ ಮೇಷ್ಟರ ಪಾಠದಲ್ಲಿ ನಿದ್ದೆ ಬರುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಅವಳ ತಲೆಯಲ್ಲಿ ಕೂತವನು ಒಬ್ಬನೇ: ಬರಮಣ್ಣ.

ಸಂಜೆ ಮನೆಯಲ್ಲಿ, ಚಿಗವ್ವ ಕಲ್ಲವ್ವ ರೊಟ್ಟಿ ಬಡಿಯುವಾಗ, ಅವನ ವಿಷಯ ತಡೆಯಲಾರದೆ ಬಾಯಿಬಿಟ್ಟಳು.

"ಬರಮಣ್ಣ ಅಂತ ಒಬ್ಬಾಂವ ಅದಾನ ಚಿಗವ್ವ."

ಕಲ್ಲವ್ವನ ಕೈ ರೊಟ್ಟಿಯ ಮೇಲೆ ನಿಂತೇಬಿಟ್ಟಿತು. ಹೊನ್ನವ್ವ ತಾನಾಗಿ ಒಬ್ಬ ಗಂಡಸಿನ ಹೆಸರು ಹೇಳಿದ್ದು ಇದೇ ಮೊದಲು.

"ಯಾರವಾ ಅಂವ? ಯಾವ ಊರು?"

"ಗೊತ್ತಿಲ್ಲ. ಹುಡುಗೂರು ಮೂರು ಹೊತ್ತೂ ಅಂವನ ಮಾತ ಆಡ್ತಾರ. ಭಾಳ ಸಣ್ಣಾಂವ ಅಂತ. ಯಾರೂ ಕಣ್ಣಲೆ ಕಂಡಿಲ್ಲ ಅಂತ."

"ಕುಳ್ಳನೇನು?"

"ಕುಳ್ಳ ಅಲ್ಲ ಚಿಗವ್ವ, ಸಣ್ಣಾಂವ. ಒಳಗೆಲ್ಲಾ ಖಾಲಿ ಅಂತ."

"ಅಯ್ಯ ಪಾಪ! ಊಟದ ಮನ್ಯಾಗ ಕುಂತು ಮಾತಾಡೂ ಮಂದಿ, ಅಂವಗ ಒಂದ್ ತುತ್ತ ಹಾಕಬಾರದೇನು?"

"ಅಂವನ್ನ ಒಡದ್ರ ಊರಿಗೆ ಊರ ಸುಟ್ಟ ಹೋಗ್ತೈತಿ ಅಂತ."

ಕಲ್ಲವ್ವ ರೊಟ್ಟಿ ಮಗುಚಿ ಹಾಕಿದಳು. "ಅಷ್ಟ ಸಿಟ್ಟಿನಾಂವ ಆದ್ರ ಅಂವನ ಉಸಾಬರಿ ನಮಗ ಬ್ಯಾಡವಾ. ತೊಳಿ, ಮನಿಗೆ ಬಾ."

ಹೊನ್ನವ್ವನಿಗೆ ಮಾತ್ರ ಬರಮಣ್ಣ ಸಿಟ್ಟಿನವನೆಂದು ಅನಿಸಿರಲಿಲ್ಲ. ಯಾರಾದರೂ ನೋಡಲು ಹೋದರೆ ಅವನು ಇದ್ದ ಹಾಗೆ ಇರುವುದಿಲ್ಲವಂತೆ, ಬೇರೆಯೇ ಆಗಿಬಿಡುತ್ತಾನಂತೆ. ಅದು ಅವಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ವಿಶ್ವವಿದ್ಯಾಲಯದವರು ಹೊಸ ವಿದ್ಯಾರ್ಥಿಗಳ ಅಂಕಪಟ್ಟಿ ನೋಡುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಅದರ ಬದಲು ಮುಖ್ಯ ಗೇಟಿನಲ್ಲಿ ಒಂದು ಕಮಾನು ನಿಲ್ಲಿಸಿದ್ದರು. ಡಾಕ್ಟರ್ ಮೆಹರುನ್ನಿಸಾ ನದಾಫ್ ಹನ್ನೊಂದು ವರ್ಷ ಹಗಲಿರುಳು ಕೂತು ಕಟ್ಟಿದ ಯಂತ್ರ ಅದು. ಮನುಷ್ಯ ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೆ ಮತ್ತೆ ತುಳಿದು ಗಟ್ಟಿ ಮಾಡಿಕೊಳ್ಳುತ್ತದೆ. ಹಾಗೆ ತುಳಿದ ದಾರಿಗಳಲ್ಲಿ ನರಗಳ ಮಿಡಿತವೇ ಬೇರೆ. ಆ ಮಿಡಿತ ತಲೆಯ ಸುತ್ತ ಎಬ್ಬಿಸುವ ಅತಿ ಸಣ್ಣ ಕಾಂತದ ಅಲೆಯನ್ನು ಕಮಾನು ಎರಡು ಸೆಕೆಂಡಿನಲ್ಲಿ ಅಳೆದು, ಹಿಂದಿನ ಒಂದು ವರ್ಷದಲ್ಲಿ ಆ ಮನುಷ್ಯ ಎಷ್ಟು ಆಳವಾಗಿ ಕಲಿತಿದ್ದಾನೆಂದು ನೂರಕ್ಕೆ ಇಷ್ಟೆಂದು ಹೇಳುತ್ತಿತ್ತು. ಏನು ಕಲಿತಿದ್ದಾನೆಂದು ಮಾತ್ರ ಹೇಳುತ್ತಿರಲಿಲ್ಲ. ಎರೆಹೊಲದಲ್ಲಿ ಬಂಡಿ ಹೋದ ಜಾಡು ನೋಡಿ ಅದು ಎಷ್ಟು ಭಾರ ಹೊತ್ತಿತ್ತೆಂದು ಹೇಳಬಹುದು, ಹೇರಿದ್ದು ಜೋಳವೋ ಕಲ್ಲೋ ಎಂದು ಹೇಳಲು ಬರುವುದಿಲ್ಲ. ಇದೂ ಹಾಗೆಯೇ.

ಪ್ರತಿ ಜೂನಿನಲ್ಲಿ ಹೊಸಬರೆಲ್ಲ ಆ ಕಮಾನಿನಡಿ ನಡೆದು ಬರುತ್ತಿದ್ದರು. ಅವರಲ್ಲಿ ಮೇಲಿನ ನಲವತ್ತು ಮಂದಿಯನ್ನು ಆರಿಸಿ, ಸಭೆ ಕರೆದು, ಬಿಲ್ಲೆ ಚುಚ್ಚಿ ಗೌರವಿಸುತ್ತಿದ್ದರು. ಆ ಗುಂಪಿಗೆ 'ಮೊದಲ ಪಂಕ್ತಿ' ಎಂದು ಹೆಸರು.

ಹೊನ್ನವ್ವ ಎಂದೂ ಹಿಂದಿನ ಗೇಟಿನಿಂದ ಬರುವವಳು. ಆ ಸೋಮವಾರ ಅಲ್ಲಿ ನೀರಿನ ಪೈಪು ಒಡೆದು ದಾರಿಯೆಲ್ಲ ಕೆಸರಾಗಿತ್ತು. ಕಾವಲಿನವನು ಮುಂದಿನ ಗೇಟಿಗೆ ಹೋಗೆಂದ. ಅವಳು ಸೆರಗನ್ನು ಬಿಗಿಯಾಗಿ ಹೊದ್ದು, ತಲೆ ತಗ್ಗಿಸಿ, ಹೊಸ ವಿದ್ಯಾರ್ಥಿಗಳ ನಡುವೆ ಕಮಾನು ದಾಟಿ ಹೋದಳು. ಅವಳ ಕೊರಳಲ್ಲಿ ಆ ತಿಂಗಳಷ್ಟೇ ಕೊಟ್ಟ ಕಾರ್ಡಿತ್ತು. ದಿನಗೂಲಿ ಮುಗಿದು ಕಾಯಂ ಆದ ಗುರುತಿನ ಕಾರ್ಡು. ಅದರ ಮೇಲೆ 'ಹೊಸ ಸೇರ್ಪಡೆ' ಎಂದು ಅಚ್ಚಾಗಿತ್ತು. ಹೊಸ ವಿದ್ಯಾರ್ಥಿಗಳ ಕಾರ್ಡಿನ ಮೇಲೂ ಅದೇ ಎರಡು ಪದ. ಕಮಾನಿಗೆ ಎಲ್ಲರೂ ಒಂದೇ.

ಕಮಾನಿನ ನಿಯಂತ್ರಣ ಕೋಣೆಯಲ್ಲಿ ನಡೆದದ್ದು ಹೊನ್ನವ್ವನಿಗೆ ಆಮೇಲೆ ತಿಳಿಯಿತು. ಬಹಳ ಜನರಿಗೆ ನಲವತ್ತು, ಐವತ್ತು ಬರುತ್ತಿದ್ದ ಪರದೆಯ ಮೇಲೆ ಒಮ್ಮೆಲೇ ತೊಂಬತ್ನಾಲ್ಕು ಬಂತಂತೆ. ನದಾಫ್ ಮೇಡಂ ಕುಡಿಯುತ್ತಿದ್ದ ಚಹಾ ಕೀಲಿಮಣೆಯ ಮೇಲೆ ಚೆಲ್ಲಿತಂತೆ. ಆರು ವರ್ಷದಲ್ಲಿ ಎಂಬತ್ತು ದಾಟಿದವರೇ ಇರಲಿಲ್ಲ.

ಬುಧವಾರ ಹೊನ್ನವ್ವನ ಕಾರ್ಡು ಗುಂಯ್ ಎಂದು, ಅದರ ಮೇಲೆ ಅಕ್ಷರಗಳು ಮೂಡಿದವು. ಅವಳು ಅದನ್ನು ಅಡುಗೆಯ ಮುಖ್ಯಸ್ಥ ಮುರಿಗೆಪ್ಪನಿಗೆ ತೋರಿಸಿದಳು. ಮುರಿಗೆಪ್ಪ ಕನ್ನಡಕ ಏರಿಸಿ, ಮೆಸ್ಸಿಗೆಲ್ಲ ಕೇಳುವಂತೆ ಓದಿದ: "'ಹೊನ್ನವ್ವ ಗಾಣಿಗೇರ ಅವರಿಗೆ. ನೀವು ಮೊದಲ ಪಂಕ್ತಿಗೆ ಆಯ್ಕೆಯಾಗಿದ್ದೀರಿ. ಶನಿವಾರ ಹನ್ನೊಂದು ಗಂಟೆಗೆ ಸಭಾಭವನಕ್ಕೆ ಬನ್ನಿ. ಒಟ್ಟು ನಲವತ್ತು ಮಂದಿ.' ಅಬಬಬ! ದೊಡ್ಡ ಮಂದಿ ಊಟ ಇರಬೇಕು."

"ನಾ ತಾಟ ತೊಳಿಯಾಕಿ ಕಾಕಾ. ಬಡಸೂದು ಎಲ್ಲೆ ಗೊತ್ತೈತಿ ನನಗ?"

"ಅದಕ್ಕ 'ಆಯ್ಕೆ' ಅಂತ ಬರದಾರ ಹುಚ್ಚಿ. ನೀ ಚೆಲ್ಲದಂಗ, ಸಪ್ಪಳ ಮಾಡದಂಗ ಕೆಲಸ ಮಾಡ್ತಿ. ಯಾರೋ ನೋಡ್ಯಾರ. ಮೊದಲನೇ ಪಂಕ್ತಿಗೆ ಬಡಿಸಿ ಹೆಸರ ತಗೊಂಡ್ರ ಮುಗೀತು, ನಾಳಿಂದ ನೀ ನನಗ ಕೈ ಮಾಡಿ ಕೆಲಸ ಹೇಳೂವಾಕಿ." ಅವನು ಒಳಗಿನಿಂದ ಹಿತ್ತಾಳೆಯ ಗಿಂಡಿ ತಂದು ಅವಳ ಕೈಗಿಟ್ಟ. "ತುಪ್ಪ ನೀನ ಬಡಸು. ಉಳಿದದ್ದು ಯಾರ ಬಡಿಸಿದ್ರೂ ನಡೀತೈತಿ, ತುಪ್ಪ ಬಡಿಸಿದವರ ಮುಖ ಮಂದಿ ನೆನಪ ಇಡ್ತಾರ."

ಹೀಗಾಗಿ ಶನಿವಾರ ಹನ್ನೊಂದಕ್ಕೆ ಹೊನ್ನವ್ವ ಇಳಕಲ್ ಸೀರೆ ಉಟ್ಟು, ಬೆಚ್ಚಗಿನ ತುಪ್ಪ ತುಂಬಿದ ಗಿಂಡಿ ಹಿಡಿದು ಸಭಾಭವನದ ಗೋಡೆಗೆ ಒರಗಿ ನಿಂತಳು. ಸಾಲಾಗಿ ಕುರ್ಚಿಗಳಿದ್ದವು. ಎಲೆ ಇರಲಿಲ್ಲ. ತಾಟೂ ಇರಲಿಲ್ಲ, ಅನ್ನದ ಬುಟ್ಟಿಯ ಸುಳಿವೂ ಇಲ್ಲ. ಎಲೆ ಹಾಕದೆ ತುಪ್ಪ ಬಡಿಸುವುದು ಎಲ್ಲಿಗೆ? ಯಾರನ್ನಾದರೂ ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ವೇದಿಕೆಯ ಮೇಲಿನಿಂದ ಒಂದೊಂದೇ ಹೆಸರು ಕರೆಯುತ್ತಿದ್ದರು, ಒಬ್ಬೊಬ್ಬರೇ ಹೋಗಿ ಬಿಲ್ಲೆ ಚುಚ್ಚಿಸಿಕೊಂಡು ಬರುತ್ತಿದ್ದರು. ಕೊನೆಗೆ ಅವಳ ಹೆಸರೇ ಕೇಳಿತು. ಒಂದು ಸಲವಲ್ಲ, ಮೂರು ಸಲ.

ಬಡಿಸಲು ಕರೆಯುತ್ತಿದ್ದಾರೆ ಅಂದುಕೊಂಡು ಅವಳು ಮೆಟ್ಟಿಲು ಹತ್ತಿದಳು. ಕಾರ್ಯಕ್ರಮದ ಮುಖ್ಯಸ್ಥರಾದ ಪ್ರೊಫೆಸರ್ ಹಂಚಿನಮನಿ ನಗುನಗುತ್ತ ಕೈ ಕುಲುಕಲು ಬಲಗೈ ಚಾಚಿದರು. ಹೊನ್ನವ್ವ ತಲೆ ಎತ್ತಿರಲಿಲ್ಲ. ಅವಳಿಗೆ ಕಂಡದ್ದು ಮುಂದೆ ಚಾಚಿದ ಒಂದು ಅಂಗೈ ಮಾತ್ರ. ಗಿಂಡಿ ಬಗ್ಗಿಸಿ, ಒಂದು ಹನಿಯೂ ಆಚೀಚೆ ಹೋಗದಂತೆ, ಆ ಅಂಗೈಯೊಳಗೆ ತುಪ್ಪ ಬಡಿಸಿದಳು.

ಸಭಾಭವನದ ಮಾಳಿಗೆ ಹಾರುವಂತೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಕನ್ನಡಕದ ಹೆಂಗಸು, ನದಾಫ್ ಮೇಡಂ. ಹಂಚಿನಮನಿಯವರು ತುಪ್ಪದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ಕೇಳಿದರು:

"ನೀವು ಯಾವ ಕಾಲೇಜಿನಿಂದ ಬಂದೀರಿ?"

"ತೊಳಿಯೂ ಕೋಣ್ಯಾಗಿಂದ್ರಿ," ಅಂದಳು ಹೊನ್ನವ್ವ.

ತಪ್ಪು ಎಲ್ಲಾಯಿತೆಂದು ಅವರಿಗೂ ತಿಳಿಯಿತು, ಅವಳಿಗೂ ತಿಳಿಯಿತು. ಆದರೆ ನದಾಫ್ ಮೇಡಂ ಎದ್ದು ಬಂದು ಅವಳ ಭುಜ ಹಿಡಿದು ಸಾಲಿನ ಖಾಲಿ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. "ಕಾರ್ಡು ತಪ್ಪಿರಬಹುದು, ತೊಂಬತ್ನಾಕು ತಪ್ಪಲ್ಲ. ಮುಗಿಯೂತನಾ ಕುಂದ್ರವಾ."

ಹೊನ್ನವ್ವ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊಸ ಮೊದಲ ಪಂಕ್ತಿಯವರಿಗೆ ಏನೇನು ಸಿಗುತ್ತದೆಂದು ಒಬ್ಬರು ಓದಿ ಹೇಳುತ್ತಿದ್ದರು. ಪ್ರತ್ಯೇಕ ಕೋಣೆ, ಪುಸ್ತಕದ ಮನೆಯ ಕೀಲಿ; ಅವುಗಳಿಂದ ಅವಳಿಗೇನೂ ಅನಿಸಲಿಲ್ಲ. ಕೊನೆಯ ಸಾಲಿಗೆ ಮಾತ್ರ ಅವಳ ಕಿವಿ ನೆಟ್ಟಗಾಯಿತು. ಮೊದಲ ಪಂಕ್ತಿಯವರು ಯಾವ ಅಧ್ಯಾಪಕರ ಬಾಗಿಲನ್ನಾದರೂ ತಟ್ಟಿ ಪ್ರಶ್ನೆ ಕೇಳಬಹುದು. ಅವರು ಕೂರಿಸಿಕೊಂಡು ಉತ್ತರ ಹೇಳಲೇಬೇಕು.

ಹೊನ್ನವ್ವನ ಹತ್ತಿರ ಒಂದು ಪ್ರಶ್ನೆಯಿತ್ತು. ಎಂಟು ತಿಂಗಳಿನಿಂದ ಇತ್ತು. ಅಲ್ಲಿಯ ತನಕ ಏನನ್ನೂ ಬೇಕೆಂದು ಕೇಳದವಳಿಗೆ ಆ ಕುರ್ಚಿ ಬೇಕೆನಿಸಿತು.

ಹಂಚಿನಮನಿಯವರು ಕೆಟ್ಟವರಲ್ಲ. ಆದರೆ ಅವರ ಚಿಂತೆ ಅವರಿಗೆ. ತಾಟು ತೊಳೆಯುವ ಹುಡುಗಿಗೆ ತೊಂಬತ್ನಾಲ್ಕು ಕೊಟ್ಟ ಯಂತ್ರವೆಂದರೆ ನಾಳೆ ಊರೆಲ್ಲ ನಗುತ್ತದೆ, ಉಳಿದ ಮೂವತ್ತೊಂಬತ್ತು ಮಂದಿಯ ಬಿಲ್ಲೆಗೂ ಬೆಲೆ ಉಳಿಯುವುದಿಲ್ಲ. ಹುಡುಗಿ ಏನು ಕಲಿತಿದ್ದಾಳೆಂದು ಮಂಗಳವಾರ ಪರೀಕ್ಷಿಸೋಣ. ಏನೂ ಸಿಗದಿದ್ದರೆ ಅವಳ ಹೆಸರು ಹೊಡೆದುಹಾಕಿ ಕಮಾನನ್ನೂ ಬಿಚ್ಚಿಸೋಣ ಎಂದರು. ನದಾಫ್ ಮೇಡಂ ಹೂಂ ಅನ್ನಲೇಬೇಕಾಯಿತು.

ಮನೆಯಲ್ಲಿ ಕಲ್ಲವ್ವ ಎಲ್ಲ ಕೇಳಿ, ಕೇಳಿದ್ದನ್ನೇ ಮತ್ತೊಮ್ಮೆ ಹೇಳಿಸಿ, ತುಪ್ಪದ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರವಾದಳು. "ನೀ ಬಾಯಿ ತೆಗೀಬೇಕ ನೋಡವಾ. ಸಾಲ್ಯಾಗ ಮಾಡಿದಂಗ ಮಾಡಬ್ಯಾಡ."

ಶಾಲೆಯಲ್ಲಿ ಆದದ್ದನ್ನು ಹೊನ್ನವ್ವ ಮರೆತಿರಲಿಲ್ಲ. ಅವಳು ಏಳನೆಯ ತರಗತಿಯಲ್ಲಿದ್ದಾಗ ಬರೆಯುವ ಪರೀಕ್ಷೆಗಳನ್ನು ತೆಗೆದುಹಾಕಿ ಗೋಡೆಗೆ ಮಾತಿನ ಪೆಟ್ಟಿಗೆ ಹಾಕಿದ್ದರು. ಪೆಟ್ಟಿಗೆ ಪ್ರಶ್ನೆ ಕೇಳುತ್ತದೆ, ಹತ್ತು ಸೆಕೆಂಡಿನಲ್ಲಿ ಗಟ್ಟಿಯಾಗಿ ಉತ್ತರ ಹೇಳಬೇಕು. ಪೆಟ್ಟಿಗೆಗೆ ಮುಖವಿಲ್ಲ, ಕಣ್ಣಿಲ್ಲ. ಉತ್ತರ ಗೊತ್ತಿದ್ದರೂ ಅದರ ಎದುರು ಹೊನ್ನವ್ವನ ಗಂಟಲಿನಿಂದ ಗಾಳಿಯಷ್ಟೇ ಹೊರಡುತ್ತಿತ್ತು. ವರ್ಷದ ಕೊನೆಗೆ ಅವಳ ಹೆಸರಿನ ಮುಂದೆ ಸಾಲಾಗಿ ಸೊನ್ನೆ. ಮುಂದಿನ ವರ್ಷ ಅವಳು ಮಗ್ಗದ ಶೆಡ್ಡಿನಲ್ಲಿದ್ದಳು.

ಮಂಗಳವಾರದ ಪರೀಕ್ಷೆಯ ಕೋಣೆಯಲ್ಲಿ ನೋಡಿದರೆ, ಗೋಡೆಯ ಮೇಲೆ ಅದೇ ಪೆಟ್ಟಿಗೆ.

ಕೋಣೆ ಚಿಕ್ಕದು. ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಮೈಕು. ಎದುರಿಗೆ ದಪ್ಪ ಗಾಜು. ಅದರ ಹಿಂದಿನ ನಿಯಂತ್ರಣ ಕೋಣೆಯಲ್ಲಿ ಹಂಚಿನಮನಿ ಮತ್ತು ನದಾಫ್ ಮೇಡಂ ಕೂತಿದ್ದರು. ಹೊನ್ನವ್ವನ ತಲೆಗೆ ತಂತಿಗಳ ಟೊಪ್ಪಿಗೆ ಹಾಕಿದ್ದರು. ಕಲಿತ ವಿಷಯ ಎದುರಾದರೆ ಆ ಆಳದ ಜಾಡು ಮಿಡಿಯಬೇಕು, ಪರದೆಯ ಮೇಲೆ ಗೆರೆ ಏಳಬೇಕು.

ಪೆಟ್ಟಿಗೆ ಇತಿಹಾಸ ಕೇಳಿತು, ಗಣಿತ ಕೇಳಿತು, ವ್ಯಾಕರಣ ಕೇಳಿತು. ಗೆರೆ ಮಲಗಿಯೇ ಇತ್ತು. ಕೊನೆಗೆ ಅದು ತನ್ನ ತಗಡಿನ ದನಿಯಲ್ಲಿ ಹೇಳಿತು: "ಪರಮಾಣುವಿನ ರಚನೆಯನ್ನು ವಿವರಿಸಿ. ನಿಮಗೆ ಹತ್ತು ಸೆಕೆಂಡು ಇದೆ."

ಆ ಪದವನ್ನು ಹೊನ್ನವ್ವ ಹುಟ್ಟಿದಾಗಿನಿಂದ ಕಿವಿಯಿಂದ ಕೇಳಿರಲಿಲ್ಲ. ಹತ್ತು ಸೆಕೆಂಡು ಹೋಯಿತು. ಗೆರೆ ಏಳಲಿಲ್ಲ.

ಗಾಜಿನ ಹಿಂದೆ ಹಂಚಿನಮನಿಯವರು ಮೇಡಂ ಕಡೆ ತಿರುಗಿದರು. ಅವರ ಮಾತು ಈಚೆಗೆ ಕೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹೊನ್ನವ್ವ ಅವರ ತುಟಿ ನೋಡುತ್ತಿದ್ದಳು.

"ಸಾಕು ಮೇಡಂ. ಹತ್ತ ಪ್ರಶ್ನಿ, ಹತ್ತ ಸೊನ್ನಿ. ಯಂತ್ರ ಕೆಟ್ಟೈತಿ, ಒಪ್ಪಿಕೊಳ್ರಿ."

"ಕೆಟ್ಟಿಲ್ಲ ಸರ್. ಆಕಿ ತಲಿಯೊಳಗ ಏನೋ ಐತಿ. ಹೆಂಗ ಕೇಳಬೇಕೂ ಅನ್ನೂದು ನಮಗ ಗೊತ್ತಾಗವಲ್ದು."

"ಏನಿರತೈತ್ರಿ? ಬರಮಣ್ಣ ಗೊತ್ತಿಲ್ಲ ಆಕಿಗೆ! ಬರಮಣ್ಣ!"

ಹೊನ್ನವ್ವನಿಗೆ ಏನಾಯಿತೋ ಅವಳಿಗೇ ತಿಳಿಯಲಿಲ್ಲ. ಇತಿಹಾಸ ಗೊತ್ತಿಲ್ಲ ಅನ್ನಲಿ, ಗಣಿತ ಗೊತ್ತಿಲ್ಲ ಅನ್ನಲಿ. ಒಂದು ವರ್ಷ ಹಗಲು ಕಣ್ಣಲ್ಲಿ, ರಾತ್ರಿ ಕನಸಿನಲ್ಲಿ ಇಟ್ಟುಕೊಂಡವನನ್ನು ಗೊತ್ತೇ ಇಲ್ಲ ಅಂದರೆ? ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಬರಮಣ್ಣ ನನಗ ಗೊತ್ತದಾನ್ರಿ!"

ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಗಾಜಿನ ಹಿಂದೆ ಇಬ್ಬರೂ ಬೆಚ್ಚಿದರು. ಪರದೆಯ ಮೇಲೆ ಮಲಗಿದ್ದ ಗೆರೆ ಗಕ್ಕನೆ ಎದ್ದು ಮೇಲಿನ ಅಂಚಿಗೆ ಬಡಿಯಿತು.

ಹಂಚಿನಮನಿಯವರು ಮೈಕಿನ ಗುಂಡಿ ಒತ್ತಿ ಕೇಳಿದರು, "ಯಾವ ಬರಮಣ್ಣ?"

"ಈಗ ನೀವ ಅಂದ್ರಲ್ರಿ. ಬರಮಣ್ಣ ಗೊತ್ತಿಲ್ಲ ಆಕಿಗೆ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನದಾಫ್ ಮೇಡಂ ನಿಧಾನಕ್ಕೆ ಗಾಜಿನಲ್ಲಿ ಕಾಣುವ ತಮ್ಮದೇ ಮುಖದ ಕಡೆ ತಿರುಗಿ, ಸದ್ದಿಲ್ಲದೆ ಎರಡು ಪದ ಆಡಿ ನೋಡಿದರು. ಒಂದು ಸಲ ಪರಮಾಣು. ಒಂದು ಸಲ ಬರಮಣ್ಣ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಅನ್ನ ತುಂಬಿದ ಬಾಯಲ್ಲಿ ಕೊನೆಯ ಅಕ್ಷರ ಯಾರಿಗೂ ನೆಟ್ಟಗೆ ಹೊರಡುವುದಿಲ್ಲ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು, ನಗು ತಡೆದು, ಬಾಗಿಲು ತೆರೆದುಕೊಂಡು ಒಳಗೇ ಬಂದುಬಿಟ್ಟರು. ಹಿಂದೆಯೇ ಹಂಚಿನಮನಿ.

"ಹೇಳವಾ," ಅಂದರು ಮೇಡಂ, ನೆಲದ ಮೇಲೆಯೇ ಕೂತು. "ಪೆಟ್ಟಿಗಿ ನೋಡಬ್ಯಾಡ, ನನ್ನ ಮುಖಾ ನೋಡು. ಬರಮಣ್ಣ ಎಂಥಾಂವ?"

ಮುಖವಿದ್ದ ಕಡೆ ಹೊನ್ನವ್ವನಿಗೆ ಅಂಜಿಕೆ ಕಡಿಮೆ. ಮೊದಲು ತಡವರಿಸಿದಳು, ಆಮೇಲೆ ನೂಲು ಬಿಚ್ಚಿದ ಹಾಗೆ ಮಾತು ಬಂತು.

"ಭಾಳ ಸಣ್ಣಾಂವ್ರಿ. ಅಂವಗ ನಟ್ಟನಡುವ ಒಂದ ಗಟ್ಟಿ ಜಾಗಾ ಐತಿ, ಮೈಭಾರೆಲ್ಲಾ ಅದರಾಗ. ಉಳಿದದ್ದೆಲ್ಲಾ ಖಾಲಿ. ಅಂವ ನಮ್ಮ ಮೆಸ್ಸಿನಷ್ಟ ದೊಡ್ಡಾಂವ ಆಗಿದ್ರ ಆ ನಡುವಿಂದು ಸಾಸಿವಿ ಕಾಳಿನಷ್ಟ. ಸುತ್ತಲೂ ಸಣ್ಣ ಸಣ್ಣಾವು ಇರ್ತಾವು. ಎಲ್ಲೆ ಅದಾವು ಅಂತ ಖಾತ್ರಿ ಹೇಳಾಕ ಬರೂದಿಲ್ಲ, ಅಲ್ಲೆ ಇರಬಹುದು ಇಲ್ಲೆ ಇರಬಹುದು ಅಂತ ಅಷ್ಟ. ನೋಡಾಕ ಹ್ವಾದ್ರ ಇದ್ದಂಗ ಇರೂದಿಲ್ಲ, ಬ್ಯಾರೇನ ಆಗ್ತಾಂವ. ನಾಚಿಕಿ ಸ್ವಭಾವ್ರಿ ಅಂವಂದು."

ಹಂಚಿನಮನಿಯವರು ಗೋಡೆಗೆ ಒರಗಿ ನಿಂತಿದ್ದರು. ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದವರು. ಅವರ ದನಿ ಮೊದಲಿನಂತಿರಲಿಲ್ಲ.

"ಇಷ್ಟೆಲ್ಲಾ ಹುಡುಗೂರು ಊಟದಾಗ ಮಾತಾಡಿದ್ದ ನೋಡಿ ತಿಳಕೊಂಡಿ. ಹೌದಿಲ್ಲೋ?"

"ಹೌದ್ರಿ. ಆದ್ರ ನನಗೊಂದು ಸಂಶೇ ಬಂತ್ರಿ." ಇದೇ ಆ ಎಂಟು ತಿಂಗಳ ಪ್ರಶ್ನೆ. "ತಾಟ ತೊಳಿಯೂ ಮುಂದ ಅನಸ್ತು. ತಾಟಿನಾಗೂ ಬರಮಣ್ಣ ಅದಾನ ಅಂತಾರ, ಕೈಯಾಗೂ ಅಂವನ ಅದಾನ ಅಂತಾರ. ಎರಡೂ ಅಷ್ಟ ಖಾಲಿ ಇದ್ದ ಮ್ಯಾಲ ನನ್ನ ಕೈ ತಾಟಿನೊಳಗ ಹಾಯ್ದು ಆಚಿಗೆ ಯಾಕ ಹೋಗೂದಿಲ್ರಿ?"



"ನಿನಗೇನ ಅನಸ್ತೈತಿ?" ಅಂದರು ಹಂಚಿನಮನಿ, ಬಹಳ ಮೆಲ್ಲಗೆ.

"ಸುತ್ತಲಿನ ಆ ಸಣ್ಣಾವು ಬಿಡೂದಿಲ್ಲ ಅನಸ್ತೈತ್ರಿ. ಒಂದರ ಜಾಗಾದಾಗ ಇನ್ನೊಂದಕ್ಕ ಕುಂದ್ರಾಕ ಬಿಡೂದಿಲ್ಲ. ಪಂಕ್ತ್ಯಾಗ ಒಂದ ಎಲಿ ಮುಂದ ಇಬ್ಬರ ಕುಂದ್ರೂದಿಲ್ಲ ನೋಡ್ರಿ, ಹಂಗ. ಅಂಗಳ ಎಷ್ಟ ಖಾಲಿ ಇದ್ರೇನು, ಎಲಿ ತುಂಬಿದ ಮ್ಯಾಲ ಮುಗೀತು."

"ಇದನ್ನ ಯಾರ ಹೇಳಿದ್ರು ನಿನಗ? ಯಾವ ಹುಡುಗ?"

"ಯಾರೂ ಹೇಳಿಲ್ರಿ. ತಪ್ಪಾಗೇತೇನ್ರಿ?"

ಹಂಚಿನಮನಿಯವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. "ತಪ್ಪಾಗಿಲ್ಲವಾ. ಇದನ್ನ ನಾ ಮೂವತ್ತ ವರ್ಷದಿಂದ ಒಂದೂವರಿ ತಾಸಿನ ಪಾಠ ಮಾಡಿ ಹೇಳ್ತೀನಿ. ಅರ್ಧಾ ಮಂದಿಗೆ ತಿಳಿಯೂದಿಲ್ಲ. ಎಲಿ ಮುಂದ ಇಬ್ಬರು ಕುಂದ್ರೂದಿಲ್ಲ ಅಂತ ಹೇಳಬೇಕಂತ ನನಗ ಒಂದಿನಾನೂ ಹೊಳೀಲಿಲ್ಲ ನೋಡು." ಆಮೇಲೆ ಮೇಡಂ ಕಡೆ ತಿರುಗಿ, ಸೋತವರ ಹಾಗಲ್ಲ, ಏನೋ ಸಿಕ್ಕವರ ಹಾಗೆ ಕೈ ಮುಗಿದರು. "ನಿಮ್ಮ ಕಮಾನು ಅಲ್ಲೇ ಇರಲಿ. ಇನ್ನೊಂದು ಆರು ಅಂಕ ಕಡಿಮಿನ ಕೊಟ್ಟೈತಿ ಅದು."

ಬರಮಣ್ಣ ಮನುಷ್ಯನಲ್ಲವೆಂದು ಹೊನ್ನವ್ವನಿಗೆ ಹೇಳಬೇಕಾದ ಕೆಲಸ ನದಾಫ್ ಮೇಡಂ ಪಾಲಿಗೆ ಬಂತು. ಒಂದು ಕಾಗದದ ಮೇಲೆ 'ಪರಮಾಣು' ಎಂದು ಬರೆದು ತೋರಿಸಿದರು. ಅವಳು ಆ ನಾಲ್ಕು ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು.

"ಹಂಗಾರ ಅಂವ ಮನಷ್ಯಾ ಅಲ್ಲೇನ್ರಿ?"

"ಅಲ್ಲವಾ. ಆದ್ರ ಮನಷ್ಯಾರ ತುಂಬ ಅಂವನ ಅದಾನ."

"ನನ್ನೊಳಗೂ?"

"ನಿನ್ನೊಳಗೂ, ಈ ಗಾಜಿನೊಳಗೂ. ಸರ್ ಕೈಯಾಗ ನೀ ಬಡಿಸಿದ ತುಪ್ಪದೊಳಗೂ."

ಹೊನ್ನವ್ವನಿಗೆ ನಗು ಬಂತು. ಮೊದಲು ಸೆರಗು ಅಡ್ಡ ಹಿಡಿದುಕೊಂಡಳು, ಆಮೇಲೆ ಹಿಡಿಯಲಾರದೆ ಬಿಟ್ಟಳು.

ಮೆಸ್ಸಿನಲ್ಲಿ ಮುರಿಗೆಪ್ಪ ಅಂದು ಲೆಕ್ಕಕ್ಕಿಲ್ಲದ ಶಿರಾ ಮಾಡಿಸಿದ. ತಾನೇ ಕಳಿಸಿದ ತುಪ್ಪದಿಂದ ಇಷ್ಟೆಲ್ಲ ಆಯಿತೆಂದು ಸಿಕ್ಕಸಿಕ್ಕವರಿಗೆ ಹೇಳಿದ. ಮನೆಯಲ್ಲಿ ಕಲ್ಲವ್ವ ಎರಡು ಸಲ ಅತ್ತಳು, ಒಂದು ಸಲ ಸಂತೋಷಕ್ಕೆ, ಇನ್ನೊಂದು ಸಲ ಬರಮಣ್ಣನ ಸಲುವಾಗಿ.

"ಹಂಗಾರ ಲಗ್ನಕ್ಕ ಬರೂದಿಲ್ಲನ್ನು," ಅಂದಳು ಕಣ್ಣೊರೆಸಿಕೊಂಡು. "ಇಷ್ಟ ದಿನದಿಂದ ನಾ ಅಂವನ ಕುಲಾ ಗೋತ್ರ ಹೆಂಗ ಕೇಳೂದಂತ ಚಿಂತಿ ಮಾಡಾಕತ್ತಿದ್ದೆ."

ಜುಲೈ ಮೊದಲ ಸೋಮವಾರ ಮೊದಲ ಪಂಕ್ತಿಯ ನಲವತ್ತು ಮಂದಿಗೆ ಮೊದಲ ಪಾಠ. ಹೊನ್ನವ್ವನ ಸೀರೆಯ ಮೇಲೆ ಬಿಲ್ಲೆ ಇತ್ತು. ಶಾಲೆ ಬಿಟ್ಟ ಮೇಲೆ ಕೈತಪ್ಪಿದ್ದ ಅಕ್ಷರಗಳ ಜೊತೆ ಅವಳ ಹೊಡೆದಾಟ ಇನ್ನೂ ಬಾಕಿಯಿತ್ತು. ಮೇಡಂ ಪ್ರತಿ ಸಂಜೆ ಒಂದು ತಾಸು ಓದಿಸುತ್ತೇನೆಂದಿದ್ದರು. ಪ್ರಯೋಗಶಾಲೆಯ ನಡುವಿನ ಮೇಜಿನ ಮೇಲೆ ಹಂಚಿನಮನಿಯವರು ಒಂದು ಗಾಜಿನ ಡಬ್ಬಿ ಇಟ್ಟಿದ್ದರು. ಅಡಿಯಲ್ಲಿ ಕರಿ ಬಟ್ಟೆ, ಅದರ ಕೆಳಗೆ ಹೊಗೆಯಾಡುವ ಒಣ ಮಂಜುಗಡ್ಡೆ, ಒಳಗೆಲ್ಲ ಸ್ಪಿರಿಟ್ಟಿನ ತೆಳು ಆವಿ. ನಡುವೆ ಒಂದು ಚಿಟಿಕೆಯಷ್ಟು ಅದಿರು.

"ಅಂವನ್ನ ಕಂಡವರಿಲ್ಲ," ಅಂದರು ಅವರು. ಅಂವ ಅಂದಾಗ ಓರೆಗಣ್ಣಿನಿಂದ ಹೊನ್ನವ್ವನನ್ನು ನೋಡಿದರು. "ಆದ್ರ ಈ ಅದಿರಿನೊಳಗಿನ ಪರಮಾಣುಗಳು ತಾವಾಗೇ ಒಡೀತಾವು. ಆ ನಟ್ಟನಡುವಿಂದ ಒಂದು ಚೂರು ಸಿಡದು ಈ ಮಂಜಿನೊಳಗ ಹಾಯ್ತೈತಿ. ಚೂರು ಕಾಣೂದಿಲ್ಲ, ಹಾಯ್ದ ಗೆರಿ ಕಾಣ್ತೈತಿ. ದೀಪಾ ಆರಸ್ರಿ. ಬರ್ರಿ, ನೋಡ್ರಿ."

ದೀಪ ಆರಿತು. ಡಬ್ಬಿಗೆ ಬದಿಯಿಂದ ಹಾಯಿಸಿದ ಒಂದು ಬೆಳಕು ಮಾತ್ರ ಉಳಿಯಿತು. ಮೂವತ್ತೊಂಬತ್ತು ಮಂದಿ ಒಮ್ಮೆಲೇ ಮೇಜಿಗೆ ಮುತ್ತಿದರು. ಹೊನ್ನವ್ವ ಅಭ್ಯಾಸದಂತೆ ಹಿಂದೆ ಸರಿದು ದಾರಿ ಬಿಟ್ಟಳು. ಎದುರಿಗೆ ಬರೀ ಬೆನ್ನುಗಳು.

"ಅಗಾ, ಅಲ್ಲಿ!" ಯಾರೋ ಕೂಗಿದರು. "ಇನ್ನೊಂದು! ನೋಡು, ನೋಡು!" ಆಮೇಲೆ ಆ ಕೂಗೂ ನಿಂತು ಎಲ್ಲರೂ ಮೂಕರಾದರು. ಯಾರ ತುಟಿಯೂ ಕಾಣುತ್ತಿರಲಿಲ್ಲ, ಯಾರ ಕಣ್ಣೂ ಕಾಣುತ್ತಿರಲಿಲ್ಲ. ಬೆನ್ನುಗಳ ಸಂದಿಯಲ್ಲಿ ಒಂದು ಬಿಳಿ ನೂಲಿನ ಎಳೆ ಮಿಂಚಿ ಮಾಯವಾದ ಹಾಗಾಯಿತು. ಆಯಿತೋ ಇಲ್ಲವೋ ತಿಳಿಯಲಿಲ್ಲ.

ಹೊನ್ನವ್ವ ಹಿಮ್ಮಡಿ ಎತ್ತಿ ನಿಂತಳು. ಕಾಣಲಿಲ್ಲ. ಮೆಲ್ಲಗೆ ಏನೋ ಅಂದಳು. ಅದು ಅವಳ ಬಾಯಿಂದ ಒಂದು ಗೇಣೂ ಮುಂದೆ ಹೋಗಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಎರಡು ಬೆನ್ನುಗಳ ನಡುವೆ ಕೈ ತೂರಿಸಿ, ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು:

"ಸ್ವಲ್ಪ ಸರೀರಿ, ನನಗ ಕಾಣವಲ್ದು."